ಶೀಘ್ರಲಿಪಿಯ ಚಿಹ್ನೆಗಳು ಕೈಗೆ ಹತ್ತಬೇಕಾದರೆ

ಐಸಾಕ್ ಪಿಟ್‌ಮನ್ 1837ರಲ್ಲಿ ಹೊರತಂದ ಶಾರ್ಟ್‌ಹ್ಯಾಂಡ್ ಇಂಗ್ಲಿಷಿನ ಸ್ಪೆಲಿಂಗ್ ನೋಡುವುದಿಲ್ಲ, ಉಚ್ಚಾರವನ್ನಷ್ಟೇ ಬರೆಯುತ್ತದೆ. ಕನ್ನಡ ವರ್ಣಮಾಲೆ ಬಾಯಿಗೆ ಬರುವವರಿಗೆ ಇದು ದೊಡ್ಡ ಅನುಕೂಲ. ಪ–ಬ, ಟ–ಡ, ಚ–ಜ, ಕ–ಗ ಜೋಡಿಗಳಿಗೆ ಗೆರೆ ಒಂದೇ. ಮೊದಲನೆಯದು ತೆಳು, ಎರಡನೆಯದು ದಪ್ಪ. 24 ವ್ಯಂಜನಗಳನ್ನು 24 ಚಿತ್ರಗಳೆಂದು ಉರು ಹೊಡೆಯಬೇಡಿ, ಜೋಡಿಯಾಗಿ ಬರೆಯಿರಿ. 12 ಸ್ವರಗಳಲ್ಲೂ ದೀರ್ಘಕ್ಕೆ ದಪ್ಪ ಚುಕ್ಕೆ ಇಲ್ಲವೇ ದಪ್ಪ ಗೀಟು, ಹ್ರಸ್ವಕ್ಕೆ ತೆಳು.

ಅದೇ ಕನ್ನಡದ ಕಿವಿ ಒಂದು ಕಡೆ ಎಡವಿಸುತ್ತದೆ. ‘ಎವ್ರಿ’ಯನ್ನು ‘ಯೆವ್ರಿ’ ಎಂದೂ ‘ಓಲ್ಡ್’ ಅನ್ನು ‘ವೋಲ್ಡ್’ ಎಂದೂ ಹೇಳುವ ರೂಢಿ ನಮ್ಮಲ್ಲಿದೆ. ಹಾಗೆ ಹೇಳಿಕೊಂಡು ಬರೆದರೆ ಇಲ್ಲದ ಯ, ವ ಔಟ್‌ಲೈನಿನೊಳಗೆ, ಅಂದರೆ ಪದಕ್ಕೆ ಬರೆಯುವ ಚಿಹ್ನೆಯೊಳಗೆ, ಬಂದು ಕೂರುತ್ತವೆ.

ಸ್ವರದ ಗುರುತುಗಳನ್ನು ವೇಗದಲ್ಲಿ ಬಿಟ್ಟೇ ಬರೆಯುತ್ತೇವೆ. ಆಗ ಕೈಹಿಡಿಯುವುದು ಸ್ಥಾನ. ‘ಪಾ’ ಹಾಳೆಯ ಗೆರೆಗಿಂತ ಮೇಲೆ, ‘ಪೇ’ ಗೆರೆಗೆ ತಾಗಿ, ‘ಪೀ’ ಗೆರೆಯನ್ನು ಸೀಳಿಕೊಂಡು. ಮೂರಕ್ಕೂ ಸ್ಟ್ರೋಕ್, ಅಂದರೆ ವ್ಯಂಜನಕ್ಕೆ ಎಳೆಯುವ ಗೀರು, ಒಂದೇ. ಅಡ್ಡ ಸ್ಟ್ರೋಕುಗಳಾದ ಕ, ಗ, ಮ, ನ ಗೆರೆಯನ್ನು ಸೀಳಲಾರವು; ಅವಕ್ಕೆ ಮೂರನೆಯ ಸ್ಥಾನವೂ ಎರಡನೆಯದರಂತೆ ಗೆರೆಗೆ ತಾಗಿಯೇ ಕೂರುತ್ತದೆ. ಆದ್ದರಿಂದ ರೂಲ್ ಇಲ್ಲದ ಹಾಳೆಯಲ್ಲಿ ಅಭ್ಯಾಸ ಮಾಡಿದ್ದು ವ್ಯರ್ಥ. ಬಾಲ್‌ಪೆನ್ನೂ ಬೇಡ, ಅದರಲ್ಲಿ ತೆಳು–ದಪ್ಪ ಒಂದೇ ಆಗುತ್ತದೆ. ಎಚ್‌ಬಿ ಪೆನ್ಸಿಲ್ ಎರಡನ್ನು ಚೂಪು ಮಾಡಿಟ್ಟುಕೊಳ್ಳಿ.

ಅಳತೆ ಆರಂಭದಲ್ಲೇ ಕೂರಬೇಕು. ಸಾಮಾನ್ಯ ಸ್ಟ್ರೋಕ್ ಸುಮಾರು 4 ಮಿ.ಮೀ., ಅಂದರೆ ಇಂಚಿನ ಆರನೇ ಒಂದು ಭಾಗ. ಅರ್ಧಕ್ಕೆ ಇಳಿಸಿದರೆ ಟ ಅಥವಾ ಡ ಸೇರುತ್ತದೆ. ಬಾಗುಗೆರೆಯನ್ನು ಇಮ್ಮಡಿ ಮಾಡಿದರೆ ‘ಟರ್’, ‘ಡರ್’ ಬರುತ್ತದೆ. ಅವಸರದಲ್ಲಿ ಎಲ್ಲವೂ 3 ಮಿ.ಮೀ. ಆದರೆ ಓದುವಾಗ ಊಹೆಯೇ ಗತಿ.

ಹೆಚ್ಚು ಮಂದಿ ಸೋಲುವುದು ಸ ಧ್ವನಿಗೆ ಬರೆಯುವ ಪುಟ್ಟ ವೃತ್ತದಲ್ಲಿ. ನೇರ ಸ್ಟ್ರೋಕಿಗೆ ಇದನ್ನು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತಬೇಕು. ಮೊದಲಲ್ಲಿ ತಿರುವುಮುರುವಾದರೆ ರ ಸೇರಿಕೊಂಡು ‘ಸ್ಟೇ’ ಹೋಗಿ ‘ಸ್ಟ್ರೇ’ ಆಗುತ್ತದೆ. ಕೊನೆಯಲ್ಲಾದರೆ ನ ಸೇರಿಕೊಂಡು ‘ಪೇಸ್’ ಹೋಗಿ ‘ಪೇನ್ಸ್’ ಆಗುತ್ತದೆ. ಈ ನಾಲ್ಕು ಪದಗಳನ್ನು ಎದುರುಬದುರು ಇಟ್ಟು, ಬಾಯಲ್ಲಿ ಹೇಳುತ್ತ, ದಿನಕ್ಕೆ ಎರಡು ಸಾಲು ಬರೆದರೆ ದಿಕ್ಕು ತಾನಾಗಿ ಕೈಗೆ ಬರುತ್ತದೆ. ಬಾಯಿ ಮುಚ್ಚಿಕೊಂಡು ಐವತ್ತು ಸಲ ನಕಲು ಮಾಡಿದರೆ ಕಣ್ಣಿಗೆ ಪರಿಚಯವಾಗುತ್ತದೆ ಅಷ್ಟೇ. ಡಿಕ್ಟೇಶನ್‌ನಲ್ಲಿ ಶಬ್ದ ಕಿವಿಗೆ ಬಿದ್ದಾಗ ಕೈ ಏಳುವುದಿಲ್ಲ.

ಗ್ರಾಮಲಾಗ್‌ಗಳನ್ನು, ಅಂದರೆ ಪದೇಪದೇ ಬರುವ ಪದಗಳ ಚುಟುಕು ಗುರುತುಗಳನ್ನು, ದಿನಕ್ಕೆ ಹತ್ತರಂತೆ ತೆಗೆದುಕೊಳ್ಳಿ, ಇಲ್ಲೂ ಜೋಡಿಯಾಗಿಯೇ. ತೆಳು ಚುಕ್ಕೆ ಗೆರೆಗಿಂತ ಮೇಲಿದ್ದರೆ ‘ಎ’, ಗೆರೆಗೆ ತಾಗಿದ್ದರೆ ‘ದಿ’. ಓರೆ ಗೀಟು ಮೇಲಿದ್ದರೆ ‘ಆಫ್’, ಗೆರೆಯಲ್ಲಿದ್ದರೆ ‘ಟು’. ಅದೇ ಗೀಟನ್ನು ದಪ್ಪ ಮಾಡಿದರೆ ‘ಆಲ್’, ‘ಟೂ’. ಹತ್ತನ್ನೂ ಮೊಬೈಲಿನಲ್ಲಿ ಹಿಂದುಮುಂದಾಗಿ ರೆಕಾರ್ಡ್ ಮಾಡಿ, ಮರುದಿನ ಪುಸ್ತಕ ಮುಚ್ಚಿ ಕೇಳಿ ಬರೆಯಿರಿ. ತಡೆದದ್ದು ಯಾವುದೋ ಅದನ್ನು ಮಾತ್ರ ಮತ್ತೆ ತಿದ್ದಿ.

ವೇಗಕ್ಕೆ ಬಂದಾಗ, ಪಾಠದಲ್ಲಿ ಪ್ರತಿ 20 ಪದಕ್ಕೊಂದು ಓರೆಗೆರೆ ಹಾಕಿ. ಒಂದರಿಂದ ಇನ್ನೊಂದಕ್ಕೆ 20 ಸೆಕೆಂಡಿನಲ್ಲಿ ಓದಿದರೆ ನಿಮಿಷಕ್ಕೆ 60 ಪದ, 15 ಸೆಕೆಂಡಿನಲ್ಲಿ ಓದಿದರೆ 80, 12 ಸೆಕೆಂಡಿನಲ್ಲಿ 100. ಸಿಬ್ಬಂದಿ ನೇಮಕಾತಿ ಆಯೋಗದ ಸ್ಟೆನೋಗ್ರಾಫರ್ ಪರೀಕ್ಷೆಯಲ್ಲಿ ಡಿ ದರ್ಜೆಗೆ 80, ಸಿ ದರ್ಜೆಗೆ 100. ಎರಡಕ್ಕೂ 10 ನಿಮಿಷ. ಒಂದೇ ಪಾಠವನ್ನು 60, 70, 80ರಲ್ಲಿ ಏರಿಸಿ, ಹೊಸ ಪಾಠಕ್ಕೆ ಮತ್ತೆ 70ಕ್ಕೆ ಇಳಿಯಿರಿ. ಪದ ತಪ್ಪಿಹೋದರೆ ಜಾಗ ಬಿಟ್ಟು ಮುಂದೆ ಹೋಗಿ. ನಿಂತು ಯೋಚಿಸಿದರೆ ಒಂದರ ಜೊತೆ ಹತ್ತು ಹೋಗುತ್ತವೆ.

ಬರೆದದ್ದನ್ನು ಆಗಲೇ ಓದಿದರೆ ನೆನಪೇ ಓದಿಸಿಬಿಡುತ್ತದೆ. ಒಂದು ದಿನ ಬಿಟ್ಟು ಓದಿ, ಗೊತ್ತಾಗದ ಔಟ್‌ಲೈನಿಗೆ ಕೆಂಪು ಸುತ್ತು ಹಾಕಿ, ತಪ್ಪಿದ್ದು ಸ್ಥಾನವೋ ಅಳತೆಯೋ ದಿಕ್ಕೋ ಎಂದು ಅಂಚಿನಲ್ಲಿ ಗುರುತಿಸಿ. ವಾರದಲ್ಲಿ ಯಾವುದು ಹೆಚ್ಚು ಬಂದಿದೆಯೋ ಮುಂದಿನ ವಾರದ ಎರಡು ಸಾಲು ಅದಕ್ಕೆ.