ಮೂರು ಭಾಷೆ ಬಂದರೆ ಮರೆವಿನ ಕಾಯಿಲೆ ಬರುವುದಿಲ್ಲವಾ?

ಪ್ರಶ್ನೆ: ನಮ್ಮದು ಬೀದರ್. ನಮ್ಮ ಅವ್ವನಿಗೆ 68 ವರ್ಷ. ಶಾಲೆ ಕಲಿತಿಲ್ಲ. ಆದರೆ ಕನ್ನಡ, ಉರ್ದು, ಮರಾಠಿ ಮೂರನ್ನೂ ಸಲೀಸಾಗಿ ಮಾತಾಡುತ್ತಾರೆ. ಜಾಸ್ತಿ ಭಾಷೆ ಬಂದವರಿಗೆ ಅಲ್ಝೈಮರ್ ಬರುವುದಿಲ್ಲವಂತೆ, ನಿಜವಾ?

ಬರುವುದೇ ಇಲ್ಲ ಅನ್ನುವುದು ನಿಜವಲ್ಲ. ತಡವಾಗಿ ಬರಬಹುದು ಅನ್ನುವುದಕ್ಕೆ ಮಾತ್ರ ಒಳ್ಳೆಯ ಆಧಾರ ಇದೆ. ಅದು ಸಿಕ್ಕಿದ್ದೂ ನಿಮ್ಮ ಪಕ್ಕದ ಹೈದರಾಬಾದಿನಲ್ಲೇ.

ನರರೋಗ ತಜ್ಞೆ ಡಾ. ಸುವರ್ಣಾ ಅಲ್ಲಾಡಿ ಆಗ ಅಲ್ಲಿನ ನಿಮ್ಸ್ (ನಿಜಾಮ್ಸ್ ಇನ್‌ಸ್ಟಿಟ್ಯೂಟ್) ಆಸ್ಪತ್ರೆಯಲ್ಲಿದ್ದರು. ಮುಂದೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಬಂದರು. ಮಿದುಳು, ಮರೆವು, ಭಾಷೆ ಇವುಗಳ ನಂಟನ್ನು ವರ್ಷಗಟ್ಟಲೆ ಬೆನ್ನು ಹತ್ತಿದವರು. ಅವರ ತಂಡ 648 ಡಿಮೆನ್ಶಿಯಾ (ಮರೆವಿನ ಕಾಯಿಲೆ, ಅಲ್ಝೈಮರ್ ಇದರ ಒಂದು ಬಗೆ) ರೋಗಿಗಳ ವಿವರ ನೋಡಿ 2013ರಲ್ಲಿ ಫಲಿತಾಂಶ ಪ್ರಕಟಿಸಿತು. ಒಂದೇ ಭಾಷೆ ಬಲ್ಲವರಲ್ಲಿ ಕಾಯಿಲೆ ಕಾಣಿಸಿಕೊಂಡದ್ದು ಸರಾಸರಿ 61ರ ಆಸುಪಾಸಿನಲ್ಲಿ. ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಅದಕ್ಕಿಂತ ನಾಲ್ಕೂವರೆ ವರ್ಷ ತಡವಾಗಿ.

ಇಂಥದ್ದೇ ಮಾತನ್ನು 2007ರಲ್ಲಿ ಕೆನಡಾದ ಎಲೆನ್ ಬಿಯಾಲಿಸ್ಟಾಕ್ ತಂಡವೂ ಹೇಳಿತ್ತು. ಆದರೆ ಅಲ್ಲಿ ಎರಡು ಭಾಷೆಯವರಲ್ಲಿ ಬಹಳ ಜನ ಬೇರೆ ದೇಶದಿಂದ ವಲಸೆ ಬಂದವರು. ಲಾಭ ಭಾಷೆಯದೋ ವಲಸೆ ಬಂದವರ ಬದುಕಿನದೋ ಅನ್ನುವ ಅನುಮಾನ ಉಳಿಯಿತು. ಹೈದರಾಬಾದಿನಲ್ಲಿ ಎರಡನೇ ಭಾಷೆಗಾಗಿ ಯಾರೂ ಊರು ಬಿಡಬೇಕಿಲ್ಲ. ಮನೆಯಲ್ಲಿ ತೆಲುಗು, ಓಣಿಯಲ್ಲಿ ದಖನಿ ಉರ್ದು. ನಮ್ಮ ಬೀದರ್, ಕಲಬುರಗಿಯ ಹಾಗೇ ಅಲ್ವಾ?

ನಿಮ್ಮ ಅವ್ವನಂಥವರ ವಿಷಯ ಇನ್ನೂ ಮುಖ್ಯ. ಓದು ಬರಹ ಇಲ್ಲದವರನ್ನೇ ಬೇರೆಯಾಗಿ ನೋಡಿದಾಗ ಅಂತರ ಸುಮಾರು ಆರು ವರ್ಷ ಇತ್ತು. ಅಂದರೆ ಇದು ಬರೀ ಶಾಲೆಯ ಓದಿನಿಂದ ಬಂದ ಲಾಭವಲ್ಲ. ನನಗೆ ಈ ಸಂಶೋಧನೆಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಇನ್ನೊಂದು ಮಾತು: ಎರಡಕ್ಕಿಂತ ಹೆಚ್ಚು ಭಾಷೆ ಬಂದರೆ ಹೆಚ್ಚು ಲಾಭ ಅಂತೇನೂ ಕಾಣಲಿಲ್ಲ.

ಇದು ಹೇಗೆ ಸಾಧ್ಯ? ಬೀದರಿನ ಚೌಬಾರಾ ಹತ್ತಿರ ಒಬ್ಬ ಅಂಗಡಿಯವನನ್ನು ನೆನೆಸಿಕೊಳ್ಳಿ. ಉದಗೀರದ ಗಿರಾಕಿಗೆ ಮರಾಠಿ, ಜಹೀರಾಬಾದಿನವರಿಗೆ ತೆಲುಗು, ಪಕ್ಕದ ಅಂಗಡಿಗೆ ದಖನಿ. (ದಖನಿಯ 'ನಕ್ಕೋ', ಅಂದರೆ 'ಬೇಡ', ಮರಾಠಿಯಿಂದ ಬಂದದ್ದು. ಇಲ್ಲಿ ಭಾಷೆಗಳೇ ಒಂದರ ಮನೆಗೆ ಒಂದು ಹೋಗಿ ಬರುತ್ತವೆ.) ಒಂದು ಭಾಷೆ ಆಡುವಾಗ ಉಳಿದವು ಮಿದುಳಿನಲ್ಲಿ ಮಲಗಿರುವುದಿಲ್ಲ. ಅವನ್ನು ತಡೆದು ಬೇಕಾದ್ದನ್ನೇ ಆರಿಸಬೇಕು. ಮಿದುಳಿನ ಮುಂಭಾಗಕ್ಕೆ ಇದು ದಿನವಿಡೀ ಕಸರತ್ತು. ಅಲ್ಝೈಮರ್‌ನಲ್ಲಿ ಅಮಿಲಾಯ್ಡ್ ಪ್ರೋಟೀನ್ ನರಕೋಶಗಳ ಹೊರಗೆ ಗಂಟುಗಟ್ಟುತ್ತದೆ, ಟೌ ಪ್ರೋಟೀನ್ ಒಳಗೆ ಸಿಕ್ಕಾಗುತ್ತದೆ. ಭಾಷೆ ಇದನ್ನು ತಡೆಯುತ್ತದೆ ಅಂತಲ್ಲ. ದೊಡ್ಡ ರಸ್ತೆ ಮುಚ್ಚಿದರೆ ಓಣಿ ಹಿಡಿದು ಊರು ಸೇರುವ ಹಾಗೆ, ಪಳಗಿದ ಮಿದುಳು ಇನ್ನಷ್ಟು ದಿನ ಬೇರೆ ದಾರಿಯಲ್ಲಿ ಕೆಲಸ ನಡೆಸುತ್ತದೆ ಅನ್ನುವುದು ಸಂಶೋಧಕರ ವಿವರಣೆ.

ಆದರೂ ಇದು ಒಂದೇ ಆಸ್ಪತ್ರೆಗೆ ಬಂದವರ ಲೆಕ್ಕ. ಆರೋಗ್ಯವಂತರನ್ನು ವರ್ಷಗಟ್ಟಲೆ ಗಮನಿಸಿದ ಕೆಲವು ಅಧ್ಯಯನಗಳಲ್ಲಿ ಇಂಥ ಲಾಭ ಕಂಡಿಲ್ಲ. ಹಾಗಾಗಿ ಅವ್ವನಲ್ಲಿ ಮರೆವು ಕಂಡರೆ 'ಅವರಿಗೆ ಮೂರು ಭಾಷೆ ಬರುತ್ತದಲ್ಲ' ಅಂತ ಸುಮ್ನೆ ಕೂರಬೇಡಿ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆಯಿಂದಲೂ ಮರೆವು ಬರುತ್ತದೆ. ಅವಕ್ಕೆ ಚಿಕಿತ್ಸೆ ಇದೆ.

ಮರೆವಿನ ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯುತ್ತದೆ ಅನ್ನುವುದನ್ನೂ ನೋಡಿ. ನಮ್ಮ ದೊಡ್ಡವ್ವನನ್ನು ಕಲಬುರಗಿಯಿಂದ ದೂರದ ಒಂದು ಆಸ್ಪತ್ರೆಗೆ ಕರೆದೊಯ್ದಿದ್ದೆವು. ಪ್ರಶ್ನೆಗಳೆಲ್ಲ ಹಿಂದಿಯಲ್ಲಿ. ಈಗ ಯಾವ ಕಾಲ ಅಂತ ಕೇಳಿದರೆ ದೊಡ್ಡವ್ವ ನೆಲ ನೋಡುತ್ತಾ ಕೂತರು. ಅದನ್ನೇ ನಾನು ಕನ್ನಡದಲ್ಲಿ ಕೇಳಿದೆ. "ಜ್ವಾಳದ ರಾಶಿ ನಡದಾವಲ್ಲ, ಕಾಣಂಗಿಲ್ಲೇನು?" ಅಂದರು! ಆ ಕೋಣೆಯಲ್ಲಿ ನನ್ನ ಕಣ್ಣು ತುಂಬಿ ಬಂತು.

ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಈಗ ಕನ್ನಡ, ತೆಲುಗು ಸೇರಿ ಐದು ಭಾರತೀಯ ಭಾಷೆಗಳಲ್ಲಿ ಇಂಥ ಪರೀಕ್ಷೆಗಳನ್ನು ಸಿದ್ಧಪಡಿಸಿದೆ. ಆ ಕೆಲಸದಲ್ಲೂ ಡಾ. ಅಲ್ಲಾಡಿ ಇದ್ದಾರೆ. ಅವ್ವ ಹುಟ್ಟಿನಿಂದ ಆಡಿದ ಭಾಷೆ ಯಾವುದು, ಶಾಲೆಗೆ ಹೋಗಿದ್ದಾರೋ ಇಲ್ಲವೋ, ಎರಡನ್ನೂ ಡಾಕ್ಟರಿಗೆ ಮೊದಲೇ ಹೇಳಿ. ಮೂರು ಭಾಷೆಗಳಲ್ಲಿ ಯಾವುದಾದರೂ ಒಂದು ಅವರ ಬಾಯಿಂದ ಜಾರುತ್ತಿದ್ದರೆ, ಅದು ಯಾವಾಗಿನಿಂದ ಅಂತಲೂ ತಿಳಿಸಿ.