ರಾಜಕುಮಾರನ ಹುಲಿಗಳು ಅರಮನೆ ಸೇರಿದವೇ?

ಓದುಗರ ಪ್ರಶ್ನೆ: ವಿಕ್ಟೋರಿಯಾ ರಾಣಿಯ ಮಗ ಭಾರತದಿಂದ ಹಡಗು ತುಂಬ ಪ್ರಾಣಿಗಳನ್ನು ಕೊಂಡೊಯ್ದನಂತೆ. ಅಷ್ಟನ್ನೂ ಎಲ್ಲಿ ಸಾಕಿದರು?

ಅರಮನೆಯಲ್ಲಂತೂ ಅಲ್ಲ. ಮುಂದೆ ಏಳನೆಯ ಎಡ್ವರ್ಡ್ ಎಂದು ಪಟ್ಟಕ್ಕೇರಿದ ಈ ರಾಜಕುಮಾರ 1875ರ ನವೆಂಬರ್‌ನಲ್ಲಿ ಮುಂಬಯಿಗೆ ಬಂದಿಳಿದು, ನಾಲ್ಕು ತಿಂಗಳು ದೇಶ ಸುತ್ತಿದ. ಹೋದಲ್ಲೆಲ್ಲ ಸಂಸ್ಥಾನಿಕರು ಕತ್ತಿ, ಶಾಲು, ಒಡವೆಗಳನ್ನು ಒಪ್ಪಿಸಿದರು. ಜೊತೆಗೆ ಜೀವಂತ ಕಾಣಿಕೆಗಳೂ ಬಂದವು. ಒಡವೆಯನ್ನಾದರೆ ಪೆಟ್ಟಿಗೆಗೆ ಹಾಕಿ ಬೀಗ ಜಡಿಯಬಹುದು. ಹುಲಿಗೆ ಹೊತ್ತು ಹೊತ್ತಿಗೆ ಮಾಂಸ ಬೇಕು, ಆನೆಗೆ ಹೊರೆಗಟ್ಟಲೆ ಮೇವು ಬೇಕು. ಬೇಡವೆಂದರೆ ಕೊಟ್ಟ ದೊರೆಯ ಮುಖ ಸಪ್ಪಗಾಗುತ್ತದೆ.

ಲಂಡನ್ ಮೃಗಾಲಯದ ಮೇಲ್ವಿಚಾರಕ ಏಬ್ರಹಾಂ ಬಾರ್ಟ್ಲೆಟ್‌ನ ಮಗ ಕ್ಲಾರೆನ್ಸ್ ಪ್ರವಾಸದ ಪರಿವಾರದಲ್ಲೇ ಇದ್ದ. ಇಂಥ ಕಾಣಿಕೆಗಳು ಬಂದೇ ಬರುತ್ತವೆ ಎಂದು ಮೊದಲೇ ಅಂದಾಜಿಸಿದ್ದರೇನೋ. ಬೇಟೆಯ ಪ್ರಾಣಿಗಳ ಚರ್ಮ ಹದಮಾಡುವುದೂ ಅವನ ಪಾಲಿನ ಕೆಲಸವೇ. ರಾಜಕುಮಾರ ನೇಪಾಳದ ತರಾಯಿ ಎಂಬ ತಪ್ಪಲಿನ ಕಾಡಿನಲ್ಲಿ ಆನೆಯ ಮೇಲೆ ಕುಳಿತು ಹುಲಿಗಳನ್ನು ಹೊಡೆದುರುಳಿಸಿದ್ದ. ಕೆಲವು ಹುಲಿಗಳು ಚರ್ಮವಾಗಿ, ಕೆಲವು ಗುರುಗುಟ್ಟುತ್ತ, ಒಂದೇ ಹಡಗು ಹತ್ತಿದವು.

ಸೆರಾಪಿಸ್ ಎಂಬ ಆ ಹಡಗು 1876ರ ಮಾರ್ಚ್‌ನಲ್ಲಿ ಮುಂಬಯಿ ಬಿಟ್ಟು ಮೇ 11ರಂದು ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರು ತಲುಪಿತು. ಸುಯೆಜ್ ಕಾಲುವೆ 1869ರಲ್ಲೇ ತೆರೆದಿತ್ತು. ಹಿಂದಿನಂತೆ ಆಫ್ರಿಕಾ ಖಂಡವನ್ನೇ ಬಳಸಿ ಹೋಗಬೇಕಾಗಿದ್ದರೆ ಎಷ್ಟು ಪ್ರಾಣಿಗಳು ದಡ ಸೇರುತ್ತಿದ್ದವೋ.

ಇಂಗ್ಲೆಂಡಿನ ರಾಜರಿಗೂ ಒಂದು ಕಾಲಕ್ಕೆ ಸ್ವಂತ ಮೃಗಶಾಲೆ ಇತ್ತು. ಲಂಡನ್ ಗೋಪುರದ ಕೋಟೆಯಲ್ಲಿ ಸಿಂಹಗಳನ್ನು ಸಾಕುತ್ತಿದ್ದರು. 1830ರ ದಶಕದಲ್ಲಿ ಅದು ಮುಚ್ಚಿ, ಪ್ರಾಣಿಗಳು ರೀಜೆಂಟ್ಸ್ ಪಾರ್ಕಿನಲ್ಲಿರುವ ಲಂಡನ್ ಮೃಗಾಲಯಕ್ಕೆ ಹೋದವು. ರಾಜಕುಮಾರನ ಪ್ರಾಣಿಗಳೂ ಅದೇ ದಾರಿ ಹಿಡಿದವು. ಹೆಸರಿಗೆ ಒಡೆಯ ಅವನು, ಮೇವು ಹಾಕುವವರು ಮೃಗಾಲಯದವರು. ಅವರಿಗೆ ನಷ್ಟವೇನೂ ಆಗಲಿಲ್ಲ ಬಿಡಿ: ಆ ವರ್ಷ ನೋಡಲು ಬಂದವರ ಸಂಖ್ಯೆ 9 ಲಕ್ಷ ದಾಟಿತು.

ಭಾರತದಿಂದ ಬಂದ ಪ್ರಾಣಿಗಳಲ್ಲಿ ಎರಡು ಎಳೆಯ ಆನೆಗಳಿದ್ದವು, ಜಂಗ್ ಪರ್ಶಾದ್ ಮತ್ತು ಸಫ್ಫಾ ಕಲ್ಲಿ. ಆಗ ಅಲ್ಲಿ ಮೆರೆಯುತ್ತಿದ್ದದ್ದು ಆಫ್ರಿಕಾದ ಆನೆ ಜಂಬೋ. 1882ರಲ್ಲಿ ಜನ ಎಷ್ಟು ಗೋಳಾಡಿದರೂ ಕೇಳದೆ ಅದನ್ನು ಅಮೆರಿಕದ ಸರ್ಕಸ್ ಮಾಲೀಕ ಬಾರ್ನಮ್‌ಗೆ ಮಾರಿಬಿಟ್ಟರು. ಜಂಗ್ ಪರ್ಶಾದ್ ಮಾತ್ರ ಅಲ್ಲೇ ಬೆಳೆದು ಗಜರಾಜನಾಗಿ 1896ರಲ್ಲಿ ಸತ್ತಿತು. ಅದರ ಒಡೆಯ ಇನ್ನೂ ರಾಜಕುಮಾರನಾಗಿಯೇ ಇದ್ದ. ಸಿಂಹಾಸನ ಸಿಕ್ಕಿದ್ದು 1901ರಲ್ಲಿ.