ಅಪ್ಪನ ಮಚ್ಚೆ ಬಲಗೆನ್ನೆಗೆ ಹೋದಾಗ

ಹೋದ ತಿಂಗಳು ಅಣ್ಣಿಗೇರಿ ಕಡೆಯ ಹೆಣ್ಣುಮಗಳೊಬ್ಬಳು ಗದಗಿನ ನಮ್ಮ ಸ್ಟುಡಿಯೋಕ್ಕೆ ಬಂದಳು. ಕೈಯಲ್ಲಿ ತಮ್ಮನ ಮದುವೆಯ ಗ್ರೂಪ್ ಫೋಟೊ, ಜೊತೆಗೆ ಅಪ್ಪನ ಒಂದು ಪಾಸ್‌ಪೋರ್ಟ್ ಸೈಜಿನ ಕಪ್ಪು-ಬಿಳುಪು ಚಿತ್ರ. ಅಪ್ಪ ತೀರಿಕೊಂಡು ಒಂಬತ್ತು ವರ್ಷ. “ಅವ್ವನ ಬಾಜೂಕ ನಿಂದರಿಸಿ ಕೊಡ್ರೀ ಅಣ್ಣಾರ. ಕೂಡಿಸಿದ್ದು ಗೊತ್ತಾಗಬಾರದು ನೋಡ್ರಿ” ಅಂದಳು.

ಇಂಥ ಕೆಲಸ ನಮಗೆ ಹೊಸದಲ್ಲ. ನಮ್ಮಪ್ಪನ ಕಾಲದಲ್ಲಿ ಸತ್ತವರನ್ನು ಗೋಡೆಗೆ ಆನಿಸಿ ಕೂಡಿಸಿದಾಗ ಹೋಗಿ ಫೋಟೊ ಹಿಡಿದು ಬರುತ್ತಿದ್ದರು. ಆಮೇಲೆ ಸಣ್ಣ ಬ್ರಷ್ಷಿನಿಂದ ಮುಚ್ಚಿದ ರೆಪ್ಪೆಯ ಮೇಲೆ ಕಣ್ಣು ಬರೆಯುತ್ತಿದ್ದರು. ಮನೆಮಂದಿ ಅದಕ್ಕೇ ಕಟ್ಟು ಹಾಕಿಸಿ, ಹಾರ ಹಾಕಿ, ಊದಿನಕಡ್ಡಿ ಹಚ್ಚುತ್ತಿದ್ದರು. ಫೋಟೊ ಅಂದರೆ ಇದ್ದದ್ದನ್ನು ಇದ್ದಹಾಗೇ ತೋರಿಸುವುದು ಅನ್ನುವವರು ಸ್ಟುಡಿಯೋದ ಒಳಕೋಣೆ ನೋಡಿಲ್ಲ.

ಟಿ.ಪಿ. ಅಕ್ಕಿಯವರು ಕಲಾಶಾಲೆ ಕಟ್ಟಿದ ಊರಿದು. ಚಿತ್ರಕಲೆ ಓದುವ ಹುಡುಗರು ಪ್ರಿಂಟ್ ಹಾಕಿಸಲು ಬಂದಾಗ ಕೇಳುತ್ತಾರೆ, ಈಗಿನ ಕಲಾವಿದರು ಫೋಟೊಗ್ರಫಿಯಲ್ಲಿ ಹೊಸದೇನು ಮಾಡುತ್ತಿದ್ದಾರೆ ಅಂತ. ನಾವು ಮಾಡುವುದನ್ನೇ ಮಾಡುತ್ತಾರೆ, ನಾವು ಮುಚ್ಚಿಡುವುದನ್ನು ಅವರು ಬಿಚ್ಚಿಡುತ್ತಾರೆ, ಅಷ್ಟೇ ಅನ್ನುತ್ತೇನೆ. ಹುಡುಗರಿಗೆ ಇದು ಸೊಕ್ಕಿನ ಮಾತಾಗಿ ಕೇಳಿಸಬಹುದು.

ಕಲಾವಿದ ವಿವಾನ್ ಸುಂದರಂ ಅವರನ್ನೇ ತೆಗೆದುಕೊಳ್ಳಿ. ಚಿತ್ರಗಾರ್ತಿ ಅಮೃತಾ ಶೇರ್‌ಗಿಲ್ ಇವರ ದೊಡ್ಡಮ್ಮ. ಅಂದರೆ ವಿವಾನ್ ಅವರ ತಾಯಿಯ ಅಕ್ಕ. ಅಮೃತಾ 1941ರಲ್ಲಿ ತೀರಿಕೊಂಡರು, ವಿವಾನ್ ಆಗಿನ್ನೂ ಹುಟ್ಟಿರಲಿಲ್ಲ. ಅಜ್ಜ ಉಮರಾವ್ ಸಿಂಗ್ ಹವ್ಯಾಸಕ್ಕೆಂದು ತೆಗೆದ ಮನೆಯ ಫೋಟೊಗಳು ರಾಶಿ ಇದ್ದವು. 2001ರ ಸುಮಾರಿಗೆ ವಿವಾನ್ ಅವನ್ನು ಕಂಪ್ಯೂಟರಿಗೆ ಹಾಕಿ, ಬೇರೆಬೇರೆ ಕಾಲದ ಅಪ್ಪ-ಮಗಳು, ಅಕ್ಕ-ತಂಗಿಯರನ್ನು ಒಂದೇ ಕೋಣೆಯಲ್ಲಿ ತಂದು ನಿಲ್ಲಿಸಿದರು. ಅಣ್ಣಿಗೇರಿಯ ಮಗಳು ಕೇಳಿದ್ದೂ ಇದನ್ನೇ. ಆದರೆ ವಿವಾನ್ ಅವರ ಚಿತ್ರದ ಮುಂದೆ ನಿಂತವರಿಗೆ ಇವರೆಲ್ಲ ಒಂದೇ ದಿನ ಒಟ್ಟಿಗೆ ಕೂತವರಲ್ಲ ಎಂಬ ಅನುಮಾನ ಬರಬೇಕು. ಆ ಅನುಮಾನ ಬಾರದಿದ್ದರೆ ಚಿತ್ರವೇ ಸೋತಂತೆ.

ಕೂಡಿಸುವ ಕಸುಬಂತೂ ಬಹಳ ಹಳೆಯದು. ಫೋಟೊಗ್ರಫಿ ಜಗತ್ತಿಗೆ ಗೊತ್ತಾದದ್ದು 1839ರಲ್ಲಿ. 1858ಕ್ಕೇ ಇಂಗ್ಲೆಂಡಿನ ಹೆನ್ರಿ ಪೀಚ್ ರಾಬಿನ್ಸನ್ ಐದು ನೆಗೆಟಿವ್ ಸೇರಿಸಿ ಸಾಯುತ್ತಿರುವ ಹುಡುಗಿಯ ಚಿತ್ರ ಮಾಡಿದ್ದರು. ಫೋಟೊಶಾಪ್ ಬಂದು ಎಲ್ಲ ಕೆಟ್ಟಿತು ಅನ್ನುವ ಹಿರಿಯರಿಗೆ ನಾನು ಇದನ್ನೇ ಹೇಳುವುದು.

ಸ್ಟುಡಿಯೋದಲ್ಲಿ ಬೆನ್ನಹಿಂದೆ ಕಟ್ಟುವ ನಮ್ಮ ಪರದೆಗೆ ಮರ್ಯಾದೆ ತಂದವರು ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಕಲಿತದ್ದು ಶಿಲ್ಪಕಲೆ. 2000ರಿಂದ 2004ರವರೆಗೆ ಫೋಟೊಗ್ರಾಫರ್ ಕ್ಲೇರ್ ಆರ್ನಿ ಜೊತೆಗೂಡಿ ದಕ್ಷಿಣ ಭಾರತದ ಹೆಂಗಸರ ಸರಣಿಯೊಂದನ್ನು ಮಾಡಿದರು. ವೇಷ ಹಾಕಿದವರು ಪುಷ್ಪಮಾಲಾ ತಾವೇ. ಒಂದು ಚಿತ್ರದಲ್ಲಿ ರವಿವರ್ಮನ ಲಕ್ಷ್ಮಿ. ಇನ್ನೊಂದರಲ್ಲಿ, ಬ್ರಿಟಿಷರು ಬುಡಕಟ್ಟಿನವರ ಮೈಯಳತೆ ತೆಗೆಯಲು ಹಿಂದೆ ಕಟ್ಟುತ್ತಿದ್ದ ಚೌಕುಳಿ ಪರದೆಯ ಮುಂದೆ ನಿಂತ ಹೆಂಗಸು. ಲಕ್ಷ್ಮಿಗೆ ಕೈಮುಗಿಯುತ್ತೇವೆ, ಅಳತೆಯ ಹೆಂಗಸನ್ನು ಮಾದರಿಯಂತೆ ನೋಡುತ್ತೇವೆ. ಎರಡರಲ್ಲೂ ಇರುವುದು ಅದೇ ಮೋರೆ. ಹಾಗಾದರೆ ಯಾರನ್ನು ಹೇಗೆ ನೋಡಬೇಕೆಂದು ನಮಗೆ ಕಲಿಸುವುದು ಪರದೆಯೋ, ಮನುಷ್ಯರೋ? ಸ್ಟುಡಿಯೋದಲ್ಲಿ ರೈತನ ಕೈಗೆ ನಮ್ಮದೇ ವಾಚು ಕಟ್ಟಿ, ಬಣ್ಣದ ಮೆಟ್ಟಿಲಿನ ಪರದೆ ಮುಂದೆ ನಿಲ್ಲಿಸಿದವರು ನಾವು. ಉತ್ತರ ನಮಗೆ ಗೊತ್ತಿರಬೇಕಿತ್ತು.

ಫೋಟೊಗ್ರಾಫರ್ ಗೌರಿ ಗಿಲ್ ಅವರದು ಇನ್ನೊಂದು ದಾರಿ. ಮಹಾರಾಷ್ಟ್ರದ ಗಂಜಾಡ ಎಂಬ ಹಳ್ಳಿಯಲ್ಲಿ ತೆಗೆದ ಫೋಟೊಗಳ ಮೇಲೆ, ಆ ಊರಿನವರೇ ಆದ ವಾರ್ಲಿ ಬುಡಕಟ್ಟಿನ ಕಲಾವಿದ ರಾಜೇಶ್ ವಾಂಗಡ್ ರೇಖೆ ಎಳೆಯುತ್ತಾರೆ. ಕ್ಯಾಮೆರಾಕ್ಕೆ ಕಂಡದ್ದು ಬರೀ ಬಯಲು, ಗುಡ್ಡ. ಅಲ್ಲಿ ನಡೆದದ್ದು ವಾಂಗಡರಿಗೆ ಗೊತ್ತು, ಅದು ಅವರ ರೇಖೆಯಲ್ಲಿ ಬಂತು.

ಅಣ್ಣಿಗೇರಿಯ ಕೆಲಸಕ್ಕೆ ಬರುತ್ತೇನೆ. ಮದುವೆ ಫೋಟೊದಲ್ಲಿ ಬೆಳಕು ಬಲದಿಂದ, ಅಪ್ಪನ ಮೋರೆಗೆ ಎಡದಿಂದ. ಮೂಗಿನ ನೆರಳು ಎದುರುಬದುರಾದರೆ ಕೂಡಿಸಿದ್ದು ಕಣ್ಣಿಗೆ ಹೊಡೆಯುತ್ತದೆ. ಅಪ್ಪನ ಚಿತ್ರವನ್ನು ಕನ್ನಡಿಯಂತೆ ತಿರುವಿದೆ, ಬಣ್ಣ ಕೊಟ್ಟೆ, ಉಳಿದವರ ಎತ್ತರಕ್ಕೆ ಭುಜ ಹೊಂದಿಸಿದೆ. ನಾನೇ ಮೆಚ್ಚಿಕೊಳ್ಳುವಷ್ಟು ಚಲೋ ಬಂತು.

ಆಕೆ ನೋಡಿದವಳೇ, “ಅಪ್ಪನ ಮಚ್ಚಿ ಎಡಗಲ್ಲಕ್ಕಿತ್ತಲ್ರೀ” ಅಂದಳು. ಅಂಗಿಯ ಕಿಸೆಯೂ ಬಲಕ್ಕೆ ಹೋಗಿತ್ತು, ಅದನ್ನೂ ಆಕೆಯೇ ತೋರಿಸಿದಳು. ಮಚ್ಚೆ, ಕಿಸೆ ಎರಡನ್ನೂ ಎಡಕ್ಕೆ ಸರಿಸಿ ಕೊಡುತ್ತೇನೆ ಅಂದೆ. ಒಪ್ಪಲಿಲ್ಲ. “ಹಂಗ ಮಾಡಿದ್ರ ಅಪ್ಪ ಅಲ್ಲ ಅದು, ಅಪ್ಪನಂಗ ಇದ್ದಾವ. ಮೊದಲಿದ್ದಂಗ ಹಾಕ್ರಿ.”

ತಿರುವಿದ್ದನ್ನು ಮತ್ತೆ ತಿರುವಿ, ಹದಿನಾರು ಇಂಚಿನ ಪ್ರಿಂಟ್ ಹಾಕಿ ಕೊಟ್ಟೆ. ಈಗ ಅವರ ಪಡಸಾಲೆಯಲ್ಲಿ ಎಲ್ಲರ ಮೇಲೆ ಬೆಳಕು ಬಲದಿಂದ ಬಿದ್ದಿದೆ, ಅಪ್ಪನ ಮೇಲೊಂದೇ ಎಡದಿಂದ.